ಒಕ್ಕಾಲು ಓದಿದ ಕಾಗದ

ಹೋದ ತಿಂಗಳು ಪಕ್ಕದ ಮನೆಯ ಹೆಣ್ಣುಮಗಳು ಸೆರಗಿನಲ್ಲಿ ಫೋನು ಮುಚ್ಚಿಕೊಂಡು ಬಂದಳು. ಮಗ ಬೆಂಗಳೂರಿನ ಪೀಣ್ಯದ ಕಡೆ ಯಾವುದೋ ಕಾರ್ಖಾನೆಯಲ್ಲಿದ್ದಾನೆ, ಡಿಪ್ಲೊಮಾ ಮುಗಿಸಿದವ. ಹನ್ನೆರಡು ದಿನ ಸುದ್ದಿಯಿಲ್ಲ. ಕಡೆಗೆ ಇವಳೇ ಫೋನಿನೊಳಗೆ ಮಾತಾಡಿ ಕಳಿಸಿದ್ದಾಳೆ: ಉಂಡಿಯೇನು, ಪಗಾರ ಆಯ್ತೇನು, ಊರಿಗಿ ಯಾವಾಗ ಬರ್ತಿ? ಕೇಳಿದ್ದು ಮೂರು, ಉತ್ತರವಾಗಿ ಬಂದದ್ದು ಒಂದು ಹಳದಿ ಹೆಬ್ಬೆರಳು.

"ಅಣ್ಣಾ, ಇದರಾಗ ಏನು ಬರ್ದಾನ ನೋಡು."

"ಬರ್ದಿಲ್ಲವ್ವಾ. ಸರಿ ಅಂತ ಹೆಬ್ಬಟ್ಟು ತೋರ್ಸ್ಯಾನ."

"ಮೂರಕ್ಕೂ ಸೇರಿ ಒಂದ ಬಟ್ಟೇನು?" ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿದಳು. "ಎಷ್ಟು ಗಂಟೆಕ್ಕ ಬಂದದ?"

ಎರಡು ಗಂಟೆ ಹತ್ತು ನಿಮಿಷ ಎಂದೆ.

"ಹಂಗಾದ್ರ ಇದು ಊಟದ್ದು. ಉಣ್ಣಾಕ ಬಿಟ್ಟಾಗ ಒತ್ತ್ಯಾನ. ಪಗಾರ ಆಗಿದ್ರ ಫೋನ್ ಮಾಡ್ತಿದ್ದ. ಬರೂದು ಅವಗೂ ಇನ್ನಾ ಗೊತ್ತಿಲ್ಲ."

ಫೋನನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ನಾನು ಓದಿ ಹೇಳಿದ್ದು ಒಂದು ಮಾತು, ಅವಳು ತಿಳಿದುಕೊಂಡು ಹೋದದ್ದು ಮೂರು. ಅವತ್ತಿನಿಂದ ಒಂದು ಗಾದೆ ತಲೆಯೊಳಗೆ ಕೂತುಬಿಟ್ಟಿದೆ: ಓದು ಒಕ್ಕಾಲು, ಬುದ್ಧಿ ಮುಕ್ಕಾಲು.

ಈ ಗಾದೆಯನ್ನು ಕೇಳದವರು ಯಾರಿದ್ದಾರೆ? ಸಾಲಿಯ ಗ್ಯಾದರಿಂಗಿಗೆ ಬಂದ ಮುಖ್ಯ ಅತಿಥಿ ಮೊದಲ ಐದು ನಿಮಿಷದಲ್ಲಿ ಇದನ್ನು ಹೇಳಿಯೇ ಹೇಳುತ್ತಾನೆ. ಅಂಕಗಳ ಬೆನ್ನು ಹತ್ತಬೇಡಿರಿ ಮಕ್ಕಳೇ, ವ್ಯವಹಾರ ಜ್ಞಾನ ಬೆಳೆಸಿಕೊಳ್ಳಿರಿ ಎನ್ನುತ್ತಾನೆ. ತನ್ನ ಮಕ್ಕಳನ್ನು ಮಾತ್ರ ಲಕ್ಷಗಟ್ಟಲೆ ಫೀ ಕಟ್ಟಿ ಅಂಕಗಳ ಬೆನ್ನು ಹತ್ತಿಸಿರುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದ ಹುಡುಗರಿಗೆ ಇದೇ ಗಾದೆ ಸಮಾಧಾನದ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ವಯಸ್ಸಿನಲ್ಲಿ ಏನಾದರೊಂದು ಆಸರೆ ಬೇಕು. ಮೂರನೆಯ ಅರ್ಥ ಮಾತ್ರ ಕೆಟ್ಟದ್ದು. ಹತ್ತಿ ಒಡೆಯುವ ಕಾಲಕ್ಕೆ ನಮ್ಮ ಸುರಪುರ, ಶಹಾಪುರದ ಕಡೆ ಸಾಲಿಯ ಬೆಂಚುಗಳು ಖಾಲಿಯಾಗುತ್ತವೆ. ಯಾಕೆ ಬಿಡಿಸಿದಿರಿ ಎಂದು ಕೇಳಿದರೆ, ಹೆಣ್ಣುಹುಡುಗಿ ಓದಿ ಏನು ಮಾಡಬೇಕು, ಬುದ್ಧಿ ಇದ್ದರೆ ಸಾಕು ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡುವುದಿದೆ, ಆದರೆ ಗಾದೆಯ ಒಳಗಿನಿಂದಲೇ ಕೊಡಬೇಕು. ಸ್ವಲ್ಪ ತಾಳಿರಿ.

ಈ ಮೂವರೂ ಎಡವುವುದು ಒಂದೇ ಕಲ್ಲಿಗೆ. ಓದು ಎಂದರೆ ಸಾಲಿ, ಸರ್ಟಿಫಿಕೇಟು ಎಂದುಕೊಂಡಿದ್ದಾರೆ. ಗಾದೆ ಹುಟ್ಟಿದ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಸಾಲಿ ಎಲ್ಲಿತ್ತು? 1860ರಲ್ಲಿ ಸುರಪುರ ಸೀಮೆ ನಿಜಾಮನ ಕೈಗೆ ಹೋಯಿತು. ಕಚೇರಿಯ ಕಾಗದ ಮೊದಲು ಫಾರ್ಸಿಯಲ್ಲಿ, 1884ರ ನಂತರ ಉರ್ದುವಿನಲ್ಲಿ. 1948ರ ಸೆಪ್ಟೆಂಬರ್ ತನಕ ಹಾಗೇ ನಡೆಯಿತು. ಕನ್ನಡದಲ್ಲಿ ನಾಲ್ಕಕ್ಷರ ಬಲ್ಲವನು ಊರಿಗೊಬ್ಬ ಕುಲಕರ್ಣಿ, ಇಲ್ಲವೇ ಮಠದ ಒಬ್ಬ ಅಯ್ಯ. ಅಂಥ ಊರಿನಲ್ಲಿ ಓದು ಎಂದರೆ ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೂತು ಕೇಳುವುದು. ಗುಡಿಯ ಪೌಳಿಯಲ್ಲಿ ಪುರಾಣ ನಡೆಯುವಾಗ ಗಮಕಿ ವಾಚನ ಮಾಡುತ್ತಾನೆ, ಪಕ್ಕದಲ್ಲಿ ಕೂತವನು ವ್ಯಾಖ್ಯಾನ ಹೇಳುತ್ತಾನೆ. ವಾಚನಕ್ಕೆ ಒಂದು ನಿಮಿಷ ಹಿಡಿದರೆ ವ್ಯಾಖ್ಯಾನಕ್ಕೆ ಮೂರು. ಲೆಕ್ಕ ಸರಿಹೋಯಿತಲ್ಲ? ಗಾದೆ ಹೇಳುತ್ತಿರುವುದು ಈ ಓದನ್ನು. ಹಾಳೆಯ ಮೇಲಿನ ಮಸಿ ಒಂದು ಪಾಲು, ಕೇಳುವವರ ಬುದ್ಧಿ ಮೂರು ಪಾಲು.

ನಮ್ಮೂರು ದೇವಾಪುರ. ಸುರಪುರ ತಾಲ್ಲೂಕಿನದು, 2009ರ ಕೊನೆಯಿಂದ ಯಾದಗಿರಿ ಜಿಲ್ಲೆಗೆ ಸೇರಿದ್ದು. ಈ ಊರಿನಲ್ಲಿ ಕೂತು ಓದಿನ ಮಾತಾಡುವವನಿಗೆ ಸ್ವಲ್ಪ ಸೊಕ್ಕು ಇರುತ್ತದೆ, ಯಾಕೆಂದರೆ ಜೈಮಿನಿ ಭಾರತದ ಲಕ್ಷ್ಮೀಶ ನಮ್ಮವನು ಎಂಬುದು ನಮ್ಮ ವಾದ. ಕಡೂರು ಕಡೆಯ ದೇವನೂರಿನವರು ಅವನನ್ನು ತಮ್ಮವನೆನ್ನುತ್ತಾರೆ. ವಿದ್ವಾಂಸರ ಜಗಳ ಹಳೆಯದು, ಅದಕ್ಕೆ ನಾನು ಕೈಹಾಕುವುದಿಲ್ಲ. ನನಗೆ ಬೇಕಾದದ್ದು ಅವನ ಚಂದ್ರಹಾಸ, ಅವನ ಕಾಗದ. ಆದರೆ ಅದಕ್ಕೂ ಮುಂಚೆ ನಮ್ಮ ಓಣಿಯ ಕಾಗದ.

1983. ನಾನು ಆರನೇ ತರಗತಿ. ಎರಡು ಮನೆ ಆಚೆ ಒಬ್ಬ ದೊಡ್ಡವ್ವ ಇದ್ದಳು. ರಕ್ತಸಂಬಂಧವೇನಿಲ್ಲ, ಓಣಿಯ ಹುಡುಗರೆಲ್ಲ ಹಾಗೆ ಕರೆಯುತ್ತಿದ್ದೆವು. ಅವಳಿಗೆ ಒಬ್ಬನೇ ಮಗ. ಹಿಂದಿನ ವರ್ಷ ಒಂದು ಬೇಸಿಗೆ ಮಧ್ಯಾಹ್ನ ಅವನು ಬಂಡಿಗೆ ಅಳತೆ ಮೀರಿ ಪರಸಿ ಕಲ್ಲು ಹೇರಿ ಹಳ್ಳ ದಾಟಿಸಲು ಹೋದ. ಕೆಂದೆತ್ತು ಜಾರಿ ಮುಂಗಾಲು ಮುರಿದಂತೆ ಮಡಿಸಿ ಬಿತ್ತು. ಸಂಜೆ ಅಗಸಿಯ ಮುಂದೆ, ಮಂದಿಯೆಲ್ಲ ಕೂತಲ್ಲಿ, ಅಪ್ಪ ಅವನನ್ನು ಬಾರುಕೋಲಿನಿಂದ ಹೊಡೆದ. ಇಪ್ಪತ್ತು ವರ್ಷದ ಮಗ. ತಿರುಗಿ ಒಂದು ಮಾತಾಡಲಿಲ್ಲ. ಬೆಳಗಿನ ಕೋಳಿ ಕೂಗುವಷ್ಟರಲ್ಲಿ ಊರು ಬಿಟ್ಟಿದ್ದ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಮುಗಿದ ವರ್ಷ ಅದು, 1982. ಅಲ್ಲಿ ಕೂಲಿಗೆ ಬಂದಿದ್ದ ಗುಂಪುಗಳು ಕೆಲಸ ತೀರಿ ಮುಂಬಯಿ, ಪುಣೆ, ಗೋವೆ ಎಂದು ಚದುರುತ್ತಿದ್ದವು. ಯಾವುದೋ ಮುಕಾದಮನ ಹಿಂದೆ ಇವನೂ ಹೋದನೆಂದು ಆಮೇಲೆ ತಿಳಿಯಿತು. ಹೊಲಕ್ಕೆ ಕಾಲುವೆಯ ನೀರು ಬರುವ ಹೊತ್ತಿಗೆ ಹೊಲ ಮಾಡುವ ಹುಡುಗ ಗುಳೆ ಹೋಗಿದ್ದ.

ಹದಿನಾಲ್ಕು ತಿಂಗಳು ಕಾಗದವಿಲ್ಲ. ಟಪಾಲಿನವನು ನಮ್ಮ ಓಣಿಯ ಬಾಯಿಗೆ ಬರುವ ಮೊದಲೇ ದೂರದಿಂದ ಕೈ ಅಲ್ಲಾಡಿಸಿಬಿಡುತ್ತಿದ್ದ, ಅವಳು ಎದ್ದು ಬರುವ ತ್ರಾಸು ತಪ್ಪಲಿ ಎಂದು. ಆದರೂ ಅವಳು ಎದ್ದು ಬರುತ್ತಿದ್ದಳು. ಒಂದು ದಿನ ಸಾಲಿ ಬಿಟ್ಟು ಬಂದವನನ್ನು ಪಾಟಿಚೀಲ ಇಳಿಸಲೂ ಬಿಡದೆ ಕರೆದೊಯ್ದಳು. ದೇವರ ಜಗಲಿಯ ಮೇಲೆ ಭಂಡಾರದ ಬಟ್ಟಲಿನ ಪಕ್ಕ ನೀಲಿ ಇನ್‌ಲ್ಯಾಂಡ್ ಪತ್ರ. ಹನ್ನೊಂದು ಗಂಟೆಗೆ ಬಂದದ್ದಂತೆ, ಐದರ ತನಕ ಹಾಗೇ ಇಟ್ಟಿದ್ದಾಳೆ. ಕಿರಾಣಿ ಅಂಗಡಿಯವನಿಗೆ ಓದು ಬರುತ್ತಿತ್ತು. ಆದರೆ ಅವನ ಬಾಯಿ ದೊಡ್ಡದು, ಕಾಗದದಲ್ಲಿದ್ದದ್ದು ಎಣ್ಣೆಯ ಜೊತೆ ಮನೆಮನೆಗೆ ಹೋಗುತ್ತಿತ್ತು. ಹುಡುಗನ ಬಾಯಿಯಾದರೆ ಬೆದರಿಸಿ ಮುಚ್ಚಿಸಬಹುದು.

ನನಗೆ ಹರಿಯಲು ಕೊಡಲಿಲ್ಲ. ಹಿಂದಿನ ವರ್ಷ ಬೇರೆ ಯಾರದೋ ಕಾಗದ ಹರಿಯುವಾಗ ಅಂಟಿದ ಮಡಿಕೆಯ ಜೊತೆ ಎರಡು ಸಾಲು ಹೋಗಿದ್ದು ಅವಳಿಗೆ ನೆನಪಿತ್ತು. ಜೋಳದ ದಂಟಿನ ಸಿಬರು ತಂದು, ಮಡಿಕೆಯೊಳಗೆ ತೂರಿಸಿ, ಹಪ್ಪಳ ಬಿಡಿಸುವಷ್ಟು ನಿಧಾನವಾಗಿ ಮೂರೂ ಕಡೆ ತಾನೇ ಬಿಡಿಸಿದಳು. ಅವಳ ಗಂಡ ಹೊರಗೆ ಕಟ್ಟೆಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತಿದ್ದ.

ಶುರುಮಾಡಿದೆ. ಶ್ರೀ ಮೌನೇಶ್ವರ ಪ್ರಸನ್ನ. ತೀರ್ಥರೂಪ ತಂದೆಯವರ ಹಾಗೂ ಮಾತೃಶ್ರೀಯವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

"ನಿಲ್ಲಪಾ. ಇದ್ಯಾರು ಮಾತಾಡೂದು?"

"ಅಣ್ಣ, ದೊಡ್ಡವ್ವ. ನಿನ್ನ ಮಗ."

"ನನ್ನ ಮಗ ಹಿಂಗ ಮಾತಾಡಂಗಿಲ್ಲ. ಇದು ಬರೆದಾಂವಂದು. ಮುಂದ ಓದು."

ಖರೆ. ಮಗನಿಗೂ ಅಕ್ಷರ ಬರುತ್ತಿರಲಿಲ್ಲ. ಮುಂಬಯಿಯ ದೊಡ್ಡ ಟಪಾಲು ಕಚೇರಿಯ ಹೊರಗೆ ತಾಡಪತ್ರಿಯ ಕೆಳಗೆ ಸಾಲಾಗಿ ಕೂತು ದುಡ್ಡು ತಗೊಂಡು ಕಾಗದ ಬರೆದುಕೊಡುವವರಿದ್ದರು. ಅಂಥವನೋ, ಅಥವಾ ಕೂಲಿಯವರಲ್ಲೇ ನಾಲ್ಕಕ್ಷರ ಕಲಿತ ವಿಜಯಪುರದ ಕಡೆಯವನೋ, ಯಾರೋ ಒಬ್ಬ ಬರೆದದ್ದು. ಎರಡು ತುದಿಗಳಲ್ಲಿ ಅಕ್ಷರ ಬಾರದ ತಾಯಿ, ಅಕ್ಷರ ಬಾರದ ಮಗ. ನಡುವೆ ಒಂದು ಎರವಲು ಕೈ, ಒಂದು ಎರವಲು ಬಾಯಿ. ಇಂಥ ಕಾಗದದಲ್ಲಿ ಮಗ ಎಷ್ಟು ಪಾಲು ಉಳಿದಾನು?

ಹವಾ ಚೆನ್ನಾಗಿದೆ, ಊಟಕ್ಕೆ ಅಡ್ಡಿಯಿಲ್ಲ, ಊರಿನ ಹಿರಿಯರಿಗೆ ನಮಸ್ಕಾರ. ಇವನ್ನೆಲ್ಲ ಅವಳು ಕಾಳಿನೊಳಗಿನ ಕಲ್ಲು ಆರಿಸುವ ಹಾಗೆ ಪಕ್ಕಕ್ಕೆ ಹಾಕುತ್ತ ಹೋದಳು. ಆಮೇಲೆ, ಆ ಪುಸ್ತಕದ ಕನ್ನಡದ ನಡುವೆ ಹೊಂದದ ಹಾಗೆ ಒಂದು ಸಾಲು ಬಂತು: ಕೆಂದೆತ್ತಿನ ಕಾಲು ಹ್ಯಾಂಗ ಅದ?

"ಇನ್ನೊಮ್ಮೆ ಓದು."

ಓದಿದೆ. ಮತ್ತೊಮ್ಮೆ ಓದು ಅಂದಳು. ಹೊರಗೆ ಹಗ್ಗ ಹೊಸೆಯುವ ಸದ್ದು ನಿಂತಿತ್ತು. ಮೂರನೆಯ ಸಲ ಓದಿದಾಗ ಅವನು ಎದ್ದು ಹಿತ್ತಲ ಕಡೆ ಹೋದ.

ನಾನು ಹನ್ನೆರಡು ವರ್ಷದ ಹುಡುಗ, ನನಗೆ ಅದು ಎತ್ತಿನ ವಿಚಾರವಾಗಿ ಕಂಡಿತ್ತು. ಬಾರುಕೋಲಿನ ಪೆಟ್ಟು ಮರೆತೆ, ತಪ್ಪು ನನ್ನದು, ಅಪ್ಪನ ಸಿಟ್ಟು ಇಳಿದಿದೆಯೋ ಇಲ್ಲವೋ, ಇವಿಷ್ಟೂ ಆ ನಾಲ್ಕು ಪದಗಳಲ್ಲಿದ್ದವು ಎಂದು ತಿಳಿಯಲು ನನಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅವಳಿಗೆ ಮೂರು ಸಲ ಕೇಳುವಷ್ಟು ಹೊತ್ತು ಸಾಕಾಯಿತು.

ಮುಂದಿನ ಸಾಲಿಗೆ ನಾನು ತಡವರಿಸಿದೆ. ಮುಕಾದಮ ಸೂಟಿ ಕೊಡುವುದಿಲ್ಲವಾದ್ದರಿಂದ ಈ ಸಲ ತಿಂಥಣಿ ಜಾತ್ರೆಗೆ ಬರುವುದು ಆಗುವುದಿಲ್ಲ ಎಂದಿತ್ತು. ಅವಳ ಮುಖ ನೋಡಿದೆ. ಓದಲಿಲ್ಲ. ಅದನ್ನು ಹಾರಿಸಿ ಕೊನೆಯ ನಮಸ್ಕಾರಕ್ಕೆ ಬಂದುಬಿಟ್ಟೆ.

"ಜಾತ್ರಿಗಿ ಬರಂಗಿಲ್ಲ ಅಂತ ಬರ್ದಾನಲ್ಲ?"

ನಾನು ಸುಮ್ಮನೆ ಕೂತೆ.

"ಬರಾಂವ ಆಗಿದ್ರ ಎತ್ತಿನ ಕಾಲು ಯಾಕ ಕೇಳ್ತಿದ್ದ ತಮ್ಮಾ, ಬಂದು ನೋಡ್ತಿದ್ದ."

ಆಮೇಲೆ ಕಾಗದ ಇಸಿದುಕೊಂಡು ಕೆಳಗಿನ ಮೂಲೆ ಹುಡುಕಿದಳು. ಸಹಿ ಇರಬೇಕಾದಲ್ಲಿ ಹೆಬ್ಬಟ್ಟಿನ ಗುರುತು, ಮಸಿ ಹೆಚ್ಚಾಗಿ ಒಂದು ಬದಿಗೆ ಹರಡಿತ್ತು. ಆ ಕಾಗದದಲ್ಲಿ ಮಗನ ಕೈಯಿಂದ ಮೂಡಿದ್ದು ಅದೊಂದೇ. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ಅಳೆದಳು. ಎತ್ತಿದಳು, ಮತ್ತೆ ಇಟ್ಟಳು.

"ಸೊರಗ್ಯಾನ" ಎಂದಳು.

ಹೆಬ್ಬಟ್ಟಿನ ಗುರುತಿನಿಂದ ಸೊರಗಿದ್ದು ತಿಳಿಯುತ್ತದೆಯೇ ಎಂದು ನೀವು ಕೇಳಬಹುದು. ನಾನು ವಾದಕ್ಕೆ ನಿಲ್ಲುವುದಿಲ್ಲ. ಮುಕ್ಕಾಲು ಬುದ್ಧಿಯಲ್ಲಿ ಅಷ್ಟಿಷ್ಟು ಹೆತ್ತವಳ ಹುಚ್ಚು ಸೇರಿಕೊಂಡೇ ಇರುತ್ತದೆ.

ಈಗ ಲಕ್ಷ್ಮೀಶನ ಹತ್ತಿರ ಹೋಗೋಣ. ಕುಂತಳದ ಮಂತ್ರಿ ದುಷ್ಟಬುದ್ಧಿ ಊರಾಚೆಯಿಂದ ಮಗ ಮದನನಿಗೆ ಕಾಗದ ಬರೆಯುತ್ತಾನೆ: ಇದನ್ನು ತರುವವನಿಗೆ ವಿಷ ಕೊಡು. ತರುವವನು ಚಂದ್ರಹಾಸ, ಅವನಿಗೆ ಒಳಗೆ ಏನಿದೆಯೆಂದು ಗೊತ್ತಿಲ್ಲ. ತೋಟದಲ್ಲಿ ದಣಿದು ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಬರುತ್ತಾಳೆ, ಹುಡುಗನನ್ನು ನೋಡುತ್ತಾಳೆ, ಕಾಗದ ತೆಗೆದು ಓದುತ್ತಾಳೆ. ಅಪ್ಪ ನನ್ನನ್ನೇ ಇವನಿಗೆ ಕೊಡು ಎಂದು ಬರೆಯಲು ಹೋಗಿ ಅಕ್ಷರ ತಪ್ಪಿದ್ದಾನೆ ಎಂದುಕೊಂಡು, ‘ವಿಷವ’ ಎಂಬುದನ್ನು ‘ವಿಷಯೆ’ ಎಂದು ತಿದ್ದುತ್ತಾಳೆ. ಅಪ್ಪನ ಕಾಗದ ಕೈಸೇರಿದ ಮದನ ತಂಗಿಯ ಮದುವೆ ಮಾಡಿಬಿಡುತ್ತಾನೆ.

ಪುರಾಣ ಹೇಳುವವರು ಇಲ್ಲಿ ಹರಿಕೃಪೆ, ವಿಧಿ ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ನಾನು ಇಲ್ಲೇ ಕೂರುತ್ತೇನೆ. ವಿಷಯೆ ಅಕ್ಷರ ಬಲ್ಲ ಹುಡುಗಿ, ಓದಿದ್ದರಲ್ಲಿ ತಪ್ಪಿಲ್ಲ. ಓದು ವಿಷ ಎಂದಿತು. ಆದರೆ ಅಪ್ಪ ಎಂಥವನು, ಬಂದ ಅತಿಥಿ ಎಂಥವನು, ಹೆತ್ತವನಾದವನು ಹೀಗೆ ಬರೆದಾನೆಯೇ ಎಂದು ಅವಳ ಬುದ್ಧಿ ಲೆಕ್ಕ ಹಾಕಿತು. ಅಪ್ಪನ ವಿಷಯದಲ್ಲಿ ಆ ಲೆಕ್ಕ ತಪ್ಪು, ಅವನು ಅಂಥವನೇ ಆಗಿದ್ದ. ಆದರೂ ಒಂದು ಜೀವ ಉಳಿದದ್ದು ಆ ತಪ್ಪು ಲೆಕ್ಕದಿಂದ. ಕಾಗದ ಬರೆದವನ ಹೆಸರಿನಲ್ಲೂ ಬುದ್ಧಿ ಎಂಬ ಮಾತೇ ಇದೆ, ನೋಡಿರಿ. ಮುಕ್ಕಾಲು ಪಾಲಿನಲ್ಲಿ ಎಂಥ ಬುದ್ಧಿ ತುಂಬಿರಬೇಕು ಎಂದು ಗಾದೆ ಹೇಳಿಲ್ಲ. ಹೇಳದೆ ಬಿಟ್ಟದ್ದು ಗಾದೆಯ ಜಾಣತನ.

ಕಾಲು ಎಂಬ ಮಾತಿನ ಮೇಲೂ ಒಂದು ಕಣ್ಣು ಹಾಯಿಸಬೇಕು. ಕನ್ನಡದಲ್ಲಿ ನಡೆಯುವುದಕ್ಕೂ ಕಾಲು, ನಾಲ್ಕರಲ್ಲೊಂದಕ್ಕೂ ಕಾಲು. ದನದ ಜೊತೆ ಬದುಕಿದವರಿಗೆ ನಾಲ್ಕರ ಲೆಕ್ಕ ಕೊಟ್ಟಿಗೆಯಲ್ಲೇ ನಿಂತಿರುತ್ತದೆ ಎಂದು ನನ್ನ ಊಹೆ. ಇಂಡಿಯಾದಲ್ಲಿ ಪೋಸ್ಟ್‌ಕಾರ್ಡು ಶುರುವಾದದ್ದು 1879ರಲ್ಲಿ, ಅದರ ಬೆಲೆಯೂ ಕಾಲಾಣೆ. ನಮ್ಮೂರ ಮುಸಲ್ಮಾನ ಹಿರಿಯರದು ಇನ್ನೊಂದು ಮಾತಿತ್ತು: ಖತ್ ಆಧೀ ಮುಲಾಖಾತ್, ಕಾಗದವೆಂದರೆ ಅರ್ಧ ಭೇಟಿ. ಅವರು ಅರ್ಧ ಎಂದರು, ನಮ್ಮ ಗಾದೆ ಚೌಕಾಸಿ ಮಾಡಿ ಕಾಲಿಗೆ ಇಳಿಸಿತು. ಎರಡರಲ್ಲಿ ನಮ್ಮದೇ ಹೆಚ್ಚು ಪ್ರಾಮಾಣಿಕ ಎನ್ನಿಸುತ್ತದೆ. ದೊಡ್ಡವ್ವನಿಗೆ ಸಿಕ್ಕದ್ದು ಅರ್ಧ ಎನ್ನಲು ನನಗೆ ಧೈರ್ಯವಿಲ್ಲ.

ಕಾಗದವನ್ನು ಬರೆದಂತೆಯೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸುರಪುರದ ಗುಡ್ಡ ಸಾಕ್ಷಿ. ಅಲ್ಲಿ ಟೇಲರ್ ಮಂಜಿಲ್ ಇನ್ನೂ ಇದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಬಂದ, 1853ರ ತನಕ ಸಂಸ್ಥಾನ ನೋಡಿಕೊಂಡ. ಎಳೆಯ ರಾಜ ವೆಂಕಟಪ್ಪ ನಾಯಕ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ಎಂದು ಅವನೇ ಬರೆದುಕೊಂಡಿದ್ದಾನೆ. ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಆತ್ಮಕಥೆ ಅಚ್ಚಾಯಿತು. 1858ರಲ್ಲಿ ರಾಜ ಕಂಪನಿಯ ವಿರುದ್ಧ ಎದ್ದ, ಸಿಕ್ಕಿಬಿದ್ದ. ಗಲ್ಲು ತಪ್ಪಿ ಸೆರೆವಾಸವೆಂದಾಗಿ ಚೆಂಗಲ್ಪಟ್ಟಿನ ಕಡೆ ಒಯ್ಯುವಾಗ ದಾರಿಯಲ್ಲಿ ಗುಂಡಿಗೆ ಬಲಿಯಾದ. ಅಪ್ಪಾ ಎನ್ನಿಸಿಕೊಂಡವನಿಗೆ ಸುದ್ದಿ ಮುಟ್ಟಿದ್ದು ಹೈದರಾಬಾದಿನಿಂದ ಬಂದ ಒಂದು ಚಿಕ್ಕ ಚೀಟಿಯಲ್ಲಿ, ತಾನೇ ಹಾರಿಸಿಕೊಂಡನೆಂದು. ಹಾರಿಸಿಕೊಂಡನೋ, ಹಾರಿಸಿದರೋ ಎಂಬ ವಾದ ನಮ್ಮ ಕಡೆ ಇವತ್ತಿಗೂ ಮುಗಿದಿಲ್ಲ. ಟೇಲರನ ಪುಸ್ತಕ ಓದಿ ಆಹಾ ಎಂಥ ಅಪ್ಪ, ಎಂಥ ಮಗ ಎಂದು ಕಣ್ಣೊರೆಸಿಕೊಳ್ಳುವ ಗೆಳೆಯರಿದ್ದಾರೆ. ಆ ಅಪ್ಪನ ಸರ್ಕಾರವೇ ಆ ಮಗನನ್ನು ಸೆರೆಗೆ ಕಳಿಸಿತ್ತು. ಪುಸ್ತಕ ಓದಿದ ಮೇಲೆ ಉಳಿದ ಮೂರು ಪಾಲು ನಾವೇ ಓದಬೇಕು, ಅದನ್ನು ಯಾರೂ ಅಚ್ಚು ಹಾಕಿಸಿಲ್ಲ.

ಎಲ್ಲಿಂದ ಎಲ್ಲಿಗೋ ಬಂದೆ. ತಾಳಿರಿ ಎಂದಿದ್ದೆನಲ್ಲ, ಆ ಬಾಕಿ ತೀರಿಸುತ್ತೇನೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಕರ್ನಾಟಕದಲ್ಲಿ ಎಲ್ಲರಿಗಿಂತ ಕೆಳಗೆ ನಾವು. ಹೆಂಗಸರಲ್ಲಂತೂ ಅರ್ಧಕ್ಕಿಂತ ಎಷ್ಟೋ ಕಡಿಮೆ. ಈ ಅಂಕಿ ಹೇಳುವಾಗ ಹೊರಗಿನವರ ದನಿಯಲ್ಲಿ ಒಂದು ಕನಿಕರ ಇರುತ್ತದೆ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ದೊಡ್ಡವ್ವ ಆ ಲೆಕ್ಕದಲ್ಲಿ ಅನಕ್ಷರಸ್ಥೆ. ಬರೆದವನ ಕನ್ನಡವನ್ನೂ ಮಗನ ಕನ್ನಡವನ್ನೂ ಎರಡು ಸಾಲಿನಲ್ಲಿ ಬೇರೆ ಮಾಡಿದವಳು, ಓದದೆ ಬಿಟ್ಟ ಸಾಲನ್ನು ಓದಿದವಳು. ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಲು ಎರಡು ವರ್ಷದ ಕೋರ್ಸಿದೆ.

ಹಾಗೆಂದು ಹತ್ತಿ ಹೊಲದವರ ಮಾತಿಗೆ ನಾನು ಹೂಂಗುಟ್ಟುವುದಿಲ್ಲ. ಆ ಹದಿನಾಲ್ಕು ತಿಂಗಳು ನನಗೆ ನೆನಪಿವೆ. ಕಾಗದ ಬಾರದಿದ್ದಾಗ ಅವಳ ಬುದ್ಧಿ ಸುಮ್ಮನಿತ್ತೇ? ಓದಲು ಏನೂ ಇಲ್ಲದೆ ಕಂಡದ್ದನ್ನೆಲ್ಲ ಓದಿತು. ನಾಯಿ ಅತ್ತರೆ ಮಗನ ಸುದ್ದಿ, ಹಲ್ಲಿ ಲೊಚಗುಟ್ಟಿದರೆ ಮಗನ ಸುದ್ದಿ. ಒಂದು ರಾತ್ರಿ, ಮಗ ರೈಲಿನ ಕೆಳಗೆ ಹೋಗಿದ್ದಾನೆ ಎಂದು ಕನಸು ಕಂಡು ಎದ್ದು ಓಣಿಯನ್ನೆಲ್ಲ ಎಬ್ಬಿಸಿದ್ದಳು. ಅವಳಿಗೇ ಓದು ಬಂದಿದ್ದರೆ ನನ್ನಂಥ ಪೋರನ ಮುಂದೆ ಕೂತು ಮಗನ ಮಾತನ್ನು ಭಿಕ್ಷೆ ಬೇಡುವ ಹಾಗಿರಲಿಲ್ಲ, ನಾನು ಅದರಲ್ಲಿ ಒಂದು ಸಾಲು ಕದಿಯಲೂ ಆಗುತ್ತಿರಲಿಲ್ಲ. ನಾನು ಮರುಕದಿಂದ ಕದ್ದೆ. ಸಾಲದ ಪತ್ರ ಓದಿ ಹೇಳುವವನು ಮರುಕದಿಂದ ಕದಿಯುವುದಿಲ್ಲ. ಎಷ್ಟು ಎಕರೆ ಈ ಸೀಮೆಯಲ್ಲಿ ಆ ಒಕ್ಕಾಲು ಬಾರದೆ ಹೋಗಿವೆ ಎಂದು ಕುಂಟೆ ಹಿಡಿದ ಯಾರನ್ನಾದರೂ ಕೇಳಿರಿ. ಮೂರು ಕಾಲಿನ ಮೇಲೆ ಎತ್ತು ನಿಲ್ಲುತ್ತದೆ, ಮೇವೂ ತಿನ್ನುತ್ತದೆ. ಗಳೆ ಹೊಡೆಯುವುದಿಲ್ಲ.

ಪಕ್ಕದ ಮನೆಯವಳು ನಾಲ್ಕನೆಯ ತರಗತಿ ಓದಿದ್ದಾಳೆ, ಕೂಡಿಸಿ ಕೂಡಿಸಿ ಓದಬಲ್ಲಳು. ಅವಳ ಮಗ ಹದಿಮೂರು ವರ್ಷ ಓದಿದವನು. ಮೂರು ತಲೆಮಾರು ಹೆಣಗಿ ಹೆಬ್ಬಟ್ಟಿನಿಂದ ಅಕ್ಷರಕ್ಕೆ ಬಂದ ಮೇಲೆ ಆ ಹುಡುಗ ಅವ್ವನಿಗೆ ಕಳಿಸಿದ್ದು ಮತ್ತೆ ಒಂದು ಹೆಬ್ಬೆರಳು. ದೊಡ್ಡವ್ವನ ಮಗನ ಬೆರಳಿಗೆ ಮಸಿಯಾದರೂ ಹತ್ತಿತ್ತು. ಬೈಯಬೇಕೆನ್ನಿಸುತ್ತದೆ. ಆದರೆ ಊಟಕ್ಕೆ ಬಿಡುವ ಅರ್ಧ ಗಂಟೆಯಲ್ಲಿ, ಎಡಗೈಯಲ್ಲಿ ಡಬ್ಬಿ ಹಿಡಿದು, ನನ್ನ ಮಗನೂ ನನಗೆ ಅದನ್ನೇ ಕಳಿಸುತ್ತಾನೆ, ನಾನೂ ಅವನಿಗೆ ಅದನ್ನೇ ತಿರುಗಿ ಕಳಿಸುತ್ತೇನೆ.

ದೊಡ್ಡವ್ವನ ಕಾಗದಕ್ಕೆ ಉತ್ತರ ಬರೆದದ್ದು ಮುಂದಿನ ಐತವಾರ. ಅವಳೇ ಟಪಾಲಿನವನ ಹತ್ತಿರ ಇನ್‌ಲ್ಯಾಂಡು ತರಿಸಿಟ್ಟಿದ್ದಳು. ನಾನು ಸಾಲಿಯಲ್ಲಿ ಕಲಿತ ಹಾಗೆ ಬಲಗಡೆ ಊರು, ತಾರೀಖು ಬರೆದೆ. ಚಿರಂಜೀವಿ ಎಂದು ಶುರುಮಾಡಿ ಆಶೀರ್ವಾದದ ಸಾಲು ಮುಗಿಸುವ ತನಕ ಅವಳು ಸುಮ್ಮನೆ ಕೂತಿದ್ದಳು, ಅದು ನನ್ನ ಭಾಗ ಎಂಬಂತೆ. ಆಮೇಲೆ ಹೇಳಿದಳು:

"ಕೆಂದೆತ್ತಿನ ಕಾಲು ನೆಟ್ಟಗಾಗ್ಯದ ಅಂತ ಬರಿ."

ನಾನು ಪೆನ್ನು ಎತ್ತಿಕೊಂಡು ಹಿತ್ತಲಿನ ಕಡೆ ನೋಡಿದೆ. ಬಾಗಿಲಿನಿಂದ ಗೋದಲಿ ಕಾಣುತ್ತಿತ್ತು. ಗೂಟಕ್ಕೆ ಹಗ್ಗ ಸುತ್ತಿಟ್ಟಿದ್ದರು. ಕಾಲು ನೆಟ್ಟಗಾಗದ ಎತ್ತನ್ನು ದನದ ಸಂತೆಯಲ್ಲಿ ಬಂದ ಬೆಲೆಗೆ ಮಾರಿ ಏಳು ತಿಂಗಳಾಗಿತ್ತು, ಓಣಿಗೆಲ್ಲ ಗೊತ್ತಿದ್ದ ಮಾತು. ಅವಳು ನನ್ನ ಮುಖ ನೋಡಲಿಲ್ಲ. ನಾನು ಬರೆಯದೆ ಕೂತೆ.

ಹೊರಗೆ ಕಟ್ಟೆಯಿಂದ, ತಿರುಗಿ ನೋಡದೆ, ಅವಳ ಗಂಡ ಹೇಳಿದ:

"ಗಳೆ ಹೊಡಿಲಾಕತ್ತದ ಅಂತನೂ ಬರಿ."